ಕಿತ್ತಳೆ ಬಣ್ಣದ ಪ್ರಕ್ಷೇಪ

ಅಣ್ಣನಿಗೆ ಶ್ವಾಸಕೋಶದ ಕ್ಷಯ ಎಂದು ಗೊತ್ತಾದಾಗ ನನಗೆ ಹದಿನಾರು ವರ್ಷ. ಚಿಕಿತ್ಸೆ ಆರು ತಿಂಗಳದ್ದು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳು, ಅನಂತರದ ನಾಲ್ಕು ತಿಂಗಳು ಅವುಗಳಲ್ಲಿ ಮೊದಲ ಎರಡು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆಗಳನ್ನು ಎಣಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಈ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಚಿಕಿತ್ಸೆ ಶುರುವಾದ ಎರಡನೆಯ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಅಣ್ಣ ಹೆದರಿಬಿಟ್ಟ. ಅದು ರಕ್ತವಲ್ಲ, ರಿಫಾಂಪಿಸಿನ್‌ನದೇ ಬಣ್ಣ, ಹೆದರಬೇಕಾಗಿಲ್ಲ ಎಂದು ದಾದಿಯೊಬ್ಬರು ವಿವರಿಸಿದ ಮೇಲೆ ಅವನಿಗೆ ಸಮಾಧಾನವಾಯಿತು. ನನ್ನ ತಲೆಯಲ್ಲಿ ಮಾತ್ರ ಆ ಬಣ್ಣ ಉಳಿದುಕೊಂಡಿತು. ಬಾಯಿಯಿಂದ ಒಳಗೆ ಹೋದ ಒಂದು ವಸ್ತು ತನ್ನ ಬಣ್ಣವನ್ನು ಉಳಿಸಿಕೊಂಡೇ ಇಡೀ ದೇಹವನ್ನು ಹಾದು ಹೊರಗೆ ಬರುತ್ತದೆಯಾದರೆ, ನಡುವಿನ ಆ ಕೆಲವು ಗಂಟೆಗಳಲ್ಲಿ ಅದು ಎಲ್ಲೆಲ್ಲಿ ಹೋಗಿತ್ತು, ಯಾವುದನ್ನು ಮುಟ್ಟಿತ್ತು ಎಂದು ಯೋಚಿಸುತ್ತಿದ್ದೆ.

ಎರಡನೆಯ ತಿಂಗಳಲ್ಲಿ ಅಣ್ಣನ ಅಂಗಾಲುಗಳು ಜೋಮು ಹಿಡಿಯತೊಡಗಿದವು. ನಡೆಯುವಾಗ ಸೂಜಿಯ ಮೇಲೆ ಕಾಲಿಟ್ಟಂತೆ ಆಗುತ್ತದೆ ಎನ್ನುತ್ತಿದ್ದ. ವೈದ್ಯರು ಬಿ6 ಜೀವಸತ್ವದ ಮಾತ್ರೆಯನ್ನು ಸೇರಿಸಿದರು. ಐಸೋನಿಯಾಜಿಡ್ ತೆಗೆದುಕೊಳ್ಳುವ ಕೆಲವರಲ್ಲಿ ಈ ಜೀವಸತ್ವ ಕಡಿಮೆಯಾಗಿ ನರಗಳಿಗೆ ತೊಂದರೆಯಾಗುವುದುಂಟು ಎಂದರು. ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದೆ. ‘ಎರಡೂ ಒಂದಕ್ಕೊಂದು ಅಂಟಿಕೊಂಡು ಹೊರಟುಹೋಗುತ್ತವೆ’ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು.

ಅಂಟಿಕೊಳ್ಳುವುದು ಎಂದರೇನು ಎಂಬುದನ್ನು ಹುಡುಕಿಕೊಂಡು ನಾನು ಗ್ರಂಥಾಲಯಕ್ಕೆ ಹೋದೆ. ಐಸೋನಿಯಾಜಿಡ್‌ನ ರಚನೆ ನಾನು ಎಣಿಸಿದ್ದಕ್ಕಿಂತ ತೀರಾ ಚಿಕ್ಕದಾಗಿತ್ತು. ನೈಟ್ರೋಜನ್ ಇರುವ ಆರು ಮೂಲೆಗಳ ಒಂದು ಉಂಗುರ, ಅದಕ್ಕೆ ಒಂದು ಕಾರ್ಬೊನಿಲ್ (ಆಮ್ಲಜನಕದೊಂದಿಗೆ ಜೋಡಿಬಂಧದಲ್ಲಿರುವ ಕಾರ್ಬನ್), ಅದರಾಚೆಗೆ ಕೈಹಿಡಿದು ನಿಂತ ಎರಡು ನೈಟ್ರೋಜನ್‌ಗಳು, ಅಂದರೆ ಹೈಡ್ರಜೀನ್ ತುದಿ, ಇಷ್ಟೇ. ಬಿ6 ಜೀವಸತ್ವದ ಒಂದು ರೂಪವಾದ ಪಿರಿಡಾಕ್ಸಲ್‌ನಲ್ಲಿ ಆಲ್ಡಿಹೈಡ್ ಗುಂಪೊಂದು ಇತ್ತು. ಅದನ್ನು ನೋಡಿದ ಕೂಡಲೇ ನಾನು ಪುಸ್ತಕ ಮುಚ್ಚಿ ನನ್ನ ಪ್ರಯೋಗದ ದಾಖಲೆಯನ್ನು ತೆರೆದೆ. ಅದೇ ತಿಂಗಳು ಶಾಲೆಯಲ್ಲಿ ಆಲ್ಡಿಹೈಡನ್ನು ಗುರುತಿಸುವ ಪ್ರಯೋಗ ನಡೆದಿತ್ತು. ಪ್ರನಾಳದಲ್ಲಿದ್ದ ಬೆನ್ಜಾಲ್ಡಿಹೈಡ್‌ಗೆ 2,4-ಡೈನೈಟ್ರೋಫಿನೈಲ್‌ಹೈಡ್ರಜೀನ್ ದ್ರಾವಣವನ್ನು ಹನಿ ಹನಿಯಾಗಿ ಹಾಕಿದಾಗ, ಮೊದಲ ಹನಿಗೇ ದ್ರವವೆಲ್ಲ ಕದಡಿ, ದಟ್ಟವಾದ ಕಿತ್ತಳೆ ಬಣ್ಣದ ಪ್ರಕ್ಷೇಪ ತಳಕ್ಕೆ ಇಳಿದಿತ್ತು. ಹೈಡ್ರಜೀನ್‌ನ ತುದಿಯ ನೈಟ್ರೋಜನ್ ಆಲ್ಡಿಹೈಡ್‌ನ ಕಾರ್ಬನ್ನಿಗೆ ಬಂದು ಸೇರುತ್ತದೆ, ನೀರಿನ ಒಂದು ಅಣು ಹೊರಬೀಳುತ್ತದೆ, ಉಳಿದದ್ದು ಹೈಡ್ರಜೋನ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಆ ಸಮೀಕರಣವೇ ಅಣ್ಣನ ರಕ್ತದಲ್ಲಿ, ಬಣ್ಣವಿಲ್ಲದೆ, ಸದ್ದಿಲ್ಲದೆ ನಡೆಯುತ್ತಿತ್ತು. ಪಿರಿಡಾಕ್ಸಲ್ ಹೈಡ್ರಜೋನ್ ಆಗಿ ಮೂತ್ರದಲ್ಲಿ ಹೊರಟುಹೋಗುತ್ತಿತ್ತು, ಅದಿಲ್ಲದೆ ನರಗಳು ಸೊರಗುತ್ತಿದ್ದವು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನೇ ಓದಬೇಕು, ಔಷಧಗಳನ್ನು ಕಂಡುಹಿಡಿಯುವ ಕೆಲಸವನ್ನೇ ಮಾಡಬೇಕು ಎಂಬ ಆಸೆ ಹುಟ್ಟಿದ್ದು ಆ ಸಂಜೆ. ನನ್ನನ್ನು ಸೆಳೆದದ್ದು ಇಷ್ಟು: ಒಂದು ಕಾಯಿಲೆಯ ನೋವನ್ನು ಬಂಧಗಳ ಭಾಷೆಯಲ್ಲಿ ಓದಬಹುದು, ಓದಲು ಬಂದರೆ ಬಹುಶಃ ತಿದ್ದಲೂಬಹುದು.

ಆಸೆಯನ್ನು ಹೇಳಿಕೊಂಡಾಗ ಬಂದ ಮೊದಲ ಸಲಹೆ, ಹಾಗಾದರೆ ವೈದ್ಯಕೀಯ ಓದು ಎಂಬುದು. ಎರಡನೆಯದು, ಔಷಧ ಎಂದ ಮೇಲೆ ಫಾರ್ಮಸಿ ಓದಬೇಕಲ್ಲವೇ ಎಂಬುದು. ಎರಡೂ ಪ್ರೀತಿಯಿಂದಲೇ ಬಂದ ಮಾತುಗಳು, ತಪ್ಪು ಸಲಹೆಗಳೂ ಅಲ್ಲ. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಕಂಡುಹಿಡಿದ ತು ಯೂಯೂ ಓದಿದ್ದು ಫಾರ್ಮಸಿ. ಪ್ರೊಪ್ರಾನೊಲಾಲ್ ಮತ್ತು ಸಿಮೆಟಿಡಿನ್ ಎಂಬ ಎರಡು ಔಷಧಗಳ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ವೈದ್ಯರು. ಅವರೊಂದಿಗೆ 1988ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಗರ್ಟ್ರೂಡ್ ಎಲಿಯನ್ ರಸಾಯನಶಾಸ್ತ್ರ ಓದಿದವರು. ಹದಿನೈದರ ವಯಸ್ಸಿನಲ್ಲಿ ಅಜ್ಜನನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಅವರು ಮುಂದೆ ರಕ್ತದ ಕ್ಯಾನ್ಸರ್‌ಗೆ 6-ಮರ್ಕ್ಯಾಪ್ಟೊಪ್ಯೂರಿನ್ ಔಷಧವನ್ನು ರೂಪಿಸಿದರು. ಅಂದರೆ ದಾರಿ ಒಂದೇ ಅಲ್ಲ, ಯಾವ ಬಾಗಿಲಿನಿಂದ ಒಳಗೆ ಹೋಗುತ್ತೇವೆ ಎಂಬುದನ್ನು ಯಾವ ಪ್ರಶ್ನೆ ನಮ್ಮನ್ನು ಕಾಡುತ್ತದೆ ಎಂಬುದು ತೀರ್ಮಾನಿಸುತ್ತದೆ. ಈ ರೋಗಿಗೆ ಯಾವ ಔಷಧ ಎಂಬ ಪ್ರಶ್ನೆ ಕಾಡುವವರಿಗೆ ವೈದ್ಯಕೀಯವಿದೆ. ಔಷಧವನ್ನು ಯಾವ ರೂಪದಲ್ಲಿ, ಯಾವ ಪ್ರಮಾಣದಲ್ಲಿ ದೇಹಕ್ಕೆ ತಲುಪಿಸಬೇಕು ಎಂಬುದು ಬಹುಮಟ್ಟಿಗೆ ಫಾರ್ಮಸಿಯ ವಿಚಾರ. ಈ ಅಣುವಿನಲ್ಲಿ ಈ ಗುಂಪು ಏಕಿದೆ, ಅದನ್ನು ತೆಗೆದು ಬೇರೊಂದನ್ನು ಇಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ನನ್ನದಾಗಿತ್ತು. ಅದಕ್ಕೆ ಸಾವಯವ ರಸಾಯನಶಾಸ್ತ್ರವನ್ನು ಬುಡದಿಂದ ಕಲಿಯದೆ ಬೇರೆ ದಾರಿ ಇರಲಿಲ್ಲ.

ಅರ್ಜಿಯೊಂದಿಗೆ, ಈ ವಿಷಯವನ್ನು ಏಕೆ ಓದಬಯಸುತ್ತೀರಿ ಎಂದು ಒಂದು ಪುಟ ಬರೆದು ಕಳುಹಿಸಬೇಕಿತ್ತು. ನನ್ನ ಮೊದಲ ಕರಡಿನಲ್ಲಿ ಮನುಕುಲದ ಸೇವೆ, ಬಾಲ್ಯದ ಕನಸು, ಕ್ಯಾನ್ಸರ್ ಇಲ್ಲದ ಜಗತ್ತು ಎಲ್ಲವೂ ಇದ್ದವು. ನಮ್ಮ ರಸಾಯನಶಾಸ್ತ್ರದ ಅಧ್ಯಾಪಕಿ ಅದನ್ನು ಓದಿ, ಇದರಲ್ಲಿ ನಿನ್ನ ಹೆಸರನ್ನು ತೆಗೆದು ಬೇರೆ ಯಾರ ಹೆಸರನ್ನಾದರೂ ಹಾಕಿದರೆ ಏನು ವ್ಯತ್ಯಾಸವಾಗುತ್ತದೆ ಎಂದು ಕೇಳಿದರು. ನಾನು ಸುಮ್ಮನೆ ನಿಂತೆ. ಅಣ್ಣನ ಅಂಗಾಲಿನ ಜೋಮನ್ನೂ ಪ್ರನಾಳದ ಕಿತ್ತಳೆ ಪ್ರಕ್ಷೇಪವನ್ನೂ ಒಂದೇ ಸಮೀಕರಣ ಹೇಗೆ ವಿವರಿಸುತ್ತದೆ ಎಂದು ಮತ್ತೆ ಬರೆದೆ. ಆ ಸಮೀಕರಣ ಬಿಡಿಸದೆ ಬಿಟ್ಟ ಪ್ರಶ್ನೆಯನ್ನೂ ಕೊನೆಯಲ್ಲಿ ಸೇರಿಸಿದೆ: ಆ ಹೈಡ್ರಜೀನ್ ತುದಿಯಿಂದ ತೊಂದರೆ ಎಂದಾದರೆ, ಅದನ್ನು ಮುಚ್ಚಿಬಿಟ್ಟರೂ ಔಷಧ ಕೆಲಸ ಮಾಡುತ್ತದೆಯೇ? ಹದಿನೇಳು ವರ್ಷದ ಹುಡುಗಿಯೊಬ್ಬಳ ಆ ಒಂದು ಸಾಲಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮುಂದೆ ಒಂದು ವರ್ಷವನ್ನೇ ಕಳೆಯುತ್ತೇನೆ ಎಂಬುದು ಆಗ ತಿಳಿದಿರಲಿಲ್ಲ.

ಮೊದಲ ಸಂದರ್ಶನದಲ್ಲಿ ನಾನು ಸೋತೆ. ಕ್ಷಯಕ್ಕೆ ಹೊಸ ಔಷಧ ಮಾಡಬೇಕೆಂದಿದ್ದೇನೆ ಎಂದಾಗ, ಮಾಡಿದ್ದು ಕೆಲಸ ಮಾಡುತ್ತದೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದರು. ರೋಗಿಗೆ ಕೊಟ್ಟು ನೋಡಬೇಕು ಎಂಬುದಕ್ಕಿಂತ ಹೆಚ್ಚಿನದು ನನಗೆ ಹೊಳೆಯಲಿಲ್ಲ. ರೋಗಿಯ ಹತ್ತಿರ ಹೋಗುವುದಕ್ಕೆ ಮುಂಚೆ ಒಂದು ಅಣು ಎಷ್ಟು ಬಾಗಿಲುಗಳನ್ನು ದಾಟಬೇಕು ಎಂಬುದರ ಕಲ್ಪನೆಯೇ ನನಗಿರಲಿಲ್ಲ. ಹೊಸ ವಸ್ತು ಎಂದರೆ ಹೊಸ ಔಷಧ ಎಂದೇ ನಂಬಿಕೊಂಡಿದ್ದೆ. ಆಯ್ಕೆಯಾಗಲಿಲ್ಲ ಎಂಬ ಪತ್ರ ಬಂದಾಗ ಅತ್ತುಬಿಟ್ಟೆ, ಆದರೆ ಆ ಪ್ರಶ್ನೆ ನ್ಯಾಯವಾದದ್ದಾಗಿತ್ತು.

ಎರಡನೆಯ ಸಂದರ್ಶನ ಬೇರೊಂದು ವಿಶ್ವವಿದ್ಯಾಲಯದಲ್ಲಿ. ಇಬ್ಬರು ಪ್ರಾಧ್ಯಾಪಕರು, ಒಂದು ಬಿಳಿ ಹಲಗೆ. ಆಸ್ಪಿರಿನ್‌ನ ರಚನೆಯನ್ನು ಬರೆಯಲು ಹೇಳಿದರು, ಬರೆದೆ. ಹಳೆಯ ಆಸ್ಪಿರಿನ್ ಸೀಸೆಯ ಮುಚ್ಚಳ ತೆರೆದಾಗ ವಿನೆಗರ್ ವಾಸನೆ ಬರುವುದೇಕೆ ಎಂದು ಕೇಳಿದರು. ಆ ವಾಸನೆಯನ್ನು ನಾನು ಎಂದೂ ಗಮನಿಸಿರಲಿಲ್ಲ. ಆದರೆ ರಚನೆ ಎದುರಿಗೇ ಇತ್ತು. ಗಾಳಿಯ ತೇವ ಎಸ್ಟರ್ ಬಂಧವನ್ನು ಮುರಿದರೆ ಒಂದು ಕಡೆ ಸ್ಯಾಲಿಸಿಲಿಕ್ ಆಮ್ಲ, ಇನ್ನೊಂದು ಕಡೆ ಅಸಿಟಿಕ್ ಆಮ್ಲ ಸಿಗಬೇಕು, ವಿನೆಗರ್‌ನಲ್ಲಿ ಇರುವುದೂ ಅದೇ ಎಂದೆ. ಮುರಿದಿದೆ ಎಂದು ಮೂಗಿನ ಸಹಾಯವಿಲ್ಲದೆ ಹೇಗೆ ತೋರಿಸುತ್ತೀರಿ? ಫೀನಾಲ್ ಗುಂಪು ಬಿಡುಗಡೆಯಾಗಿರುವುದರಿಂದ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬರಬೇಕು. ಹಾಗಾದರೆ ಜಠರದಲ್ಲಿ ಆಸ್ಪಿರಿನ್ ಯಾವ ರೂಪದಲ್ಲಿರುತ್ತದೆ? ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನನ್ನು ಬಿಟ್ಟುಕೊಟ್ಟಿರುವ ಪಿಎಚ್, 3.5 ಎಂದು ಅವರೇ ಹಲಗೆಯ ಮೂಲೆಯಲ್ಲಿ ಬರೆದರು. ಜಠರದ ಪಿಎಚ್ 1.5 ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಎರಡು ಘಟಕಗಳ ವ್ಯತ್ಯಾಸವೆಂದರೆ ನೂರು ಪಟ್ಟು, ಆದ್ದರಿಂದ ಪ್ರೋಟಾನನ್ನು ಬಿಟ್ಟುಕೊಡದ ನೂರು ಅಣುಗಳಿಗೆ ಬಿಟ್ಟುಕೊಟ್ಟದ್ದು ಒಂದು. ರಕ್ತದ ಪಿಎಚ್ 7.4ರಲ್ಲಿ ಲೆಕ್ಕ ತಲೆಕೆಳಗಾಗಿ, ಪ್ರೋಟಾನನ್ನು ಬಿಟ್ಟುಕೊಡದ, ಅಂದರೆ ವಿದ್ಯುದಾವೇಶವಿಲ್ಲದ, ಒಂದು ಅಣುವಿಗೆ ಆವೇಶ ಹೊತ್ತವು ಸುಮಾರು 8,000. ಆವೇಶವಿಲ್ಲದ ಅಣು ಕೊಬ್ಬಿನಿಂದಾದ ಪೊರೆಯನ್ನು ಸುಲಭವಾಗಿ ದಾಟುತ್ತದೆ, ಆವೇಶ ಬಂದದ್ದು ಅಷ್ಟು ಸುಲಭವಾಗಿ ದಾಟಲಾರದು ಎಂದು ಅವರು ನನ್ನ ಬಾಯಿಯಿಂದಲೇ ಹೇಳಿಸಿದರು. ಅರ್ಧ ಗಂಟೆಯ ಆ ಸಂದರ್ಶನದಲ್ಲಿ ನಾನು ಉತ್ತರ ಹೇಳಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಸೀಸೆಯೊಳಗಿನ ಅಣು, ಜಠರದೊಳಗಿನ ಅಣು, ರಕ್ತದೊಳಗಿನ ಅಣು, ಹೆಸರು ಒಂದೇ ಆದರೂ ಮೂರೂ ಕಡೆ ಅದರ ನಡವಳಿಕೆ ಬೇರೆ. ಪ್ರವೇಶ ಸಿಕ್ಕಿತು.

ಮೊದಲ ವರ್ಷದ ಪಾಠಗಳಲ್ಲಿ ಔಷಧದ ಸುಳಿವೇ ಇರಲಿಲ್ಲ. ಕ್ವಾಂಟಮ್ ಯಂತ್ರಶಾಸ್ತ್ರ, ಉಷ್ಣಬಲವಿಜ್ಞಾನ, ಅವಕಲ ಸಮೀಕರಣಗಳು. ಔಷಧ ಮಾಡುವ ಆಸೆಯಿಂದ ಬಂದ ಅನೇಕರು ಕುಗ್ಗಿಹೋಗುವುದು ಇಲ್ಲಿಯೇ, ನಾನೂ ಕುಗ್ಗಿದ್ದೆ. ಗಣಿತದ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಕ್ರಿಯಾವೇಗದ ಪಾಠದಲ್ಲಿ. ಪ್ರಥಮ ದರ್ಜೆಯ ಕ್ರಿಯೆಯಲ್ಲಿ ವಸ್ತು ಎಷ್ಟೇ ಇದ್ದರೂ ಅದು ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ ಒಂದೇ ಎಂದು ಹಲಗೆಯ ಮೇಲೆ ಸಾಧಿಸಿದಾಗ, ಅಣ್ಣನ ಮಾತ್ರೆಗಳ ವೇಳಾಪಟ್ಟಿ ನೆನಪಾಯಿತು. ಐಸೋನಿಯಾಜಿಡ್ಡನ್ನು ಯಕೃತ್ತಿನ ಒಂದು ಕಿಣ್ವ ಅಸಿಟೈಲ್ ಗುಂಪು ತೊಡಿಸಿ ನಿಷ್ಕ್ರಿಯಗೊಳಿಸುತ್ತದೆ. ಈ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ನಿಧಾನ. ಚುರುಕಾಗಿರುವವರ ರಕ್ತದಲ್ಲಿ ಔಷಧದ ಅರ್ಧಾಯು ಒಂದೆರಡು ಗಂಟೆ, ನಿಧಾನವಾಗಿರುವವರಲ್ಲಿ ಎರಡರಿಂದ ಐದು ಗಂಟೆ. ನಿಧಾನದವರಲ್ಲಿ ಔಷಧ ಹೆಚ್ಚು ಹೊತ್ತು ಉಳಿಯುವುದರಿಂದ ನರಗಳ ತೊಂದರೆಯ ಸಂಭವವೂ ಹೆಚ್ಚು. ಅಣ್ಣ ಬಹುಶಃ ಆ ಗುಂಪಿಗೆ ಸೇರಿದವನು. ಮನೆಯಲ್ಲಿ ಅವನನ್ನು ಎಲ್ಲರೂ ಸೂಕ್ಷ್ಮ ದೇಹದವನು ಎನ್ನುತ್ತಿದ್ದರು, ಆ ಸೂಕ್ಷ್ಮತೆಗೆ ಒಂದು ವೇಗ ಸ್ಥಿರಾಂಕ ಇದ್ದಿರಬಹುದು ಎಂದು ತಿಳಿದಾಗ ಗಣಿತವನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.

ಅದೇ ಅಸಿಟೈಲ್ ಗುಂಪನ್ನು ನನ್ನ ಕೈಯಿಂದ ಮೊದಲ ಬಾರಿಗೆ ತೊಡಿಸಿದ್ದು ಆಸ್ಪಿರಿನ್ ತಯಾರಿಸುವ ಪ್ರಯೋಗದಲ್ಲಿ. 1897ರಲ್ಲಿ ಫೆಲಿಕ್ಸ್ ಹಾಫ್‌ಮನ್ ಶುದ್ಧ ರೂಪದಲ್ಲಿ ಮಾಡಿ ತೋರಿಸಿದ ವಸ್ತುವನ್ನು ಇಂದು ಪ್ರಥಮ ವರ್ಷದ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡುತ್ತಾರೆ. ಸ್ಯಾಲಿಸಿಲಿಕ್ ಆಮ್ಲದ ಬಿಳಿ ಪುಡಿ, ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಗಂಧಕಾಮ್ಲ. ಬಿಸಿನೀರಿನಲ್ಲಿ ಇಟ್ಟಾಗ ಪುಡಿ ಕರಗಿ ಫ್ಲಾಸ್ಕ್ ತಿಳಿಯಾಯಿತು. ನೀರು ಬೆರೆಸಿ ಮಂಜುಗಡ್ಡೆಯಲ್ಲಿ ಇಟ್ಟೆ. ಪಕ್ಕದವರ ಫ್ಲಾಸ್ಕಿನಲ್ಲೆಲ್ಲ ಸ್ಫಟಿಕ ಬಂದರೂ ನನ್ನದರಲ್ಲಿ ಹದಿನೈದು ನಿಮಿಷವಾದರೂ ಏನೂ ಕಾಣಲಿಲ್ಲ. ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಮೆಲ್ಲಗೆ ಕೆರೆಯಿರಿ ಎಂದು ಮೇಲ್ವಿಚಾರಕರು ಹೇಳಿದರು. ಎರಡು ಸಲ ಕೆರೆದದ್ದಷ್ಟೇ, ಕಡ್ಡಿ ತಗುಲಿದ ಗೆರೆಯ ಗುಂಟ ಸೂಜಿಯಂಥ ಬಿಳಿ ಎಳೆಗಳು ಮೂಡಿ, ಒಂದರಿಂದ ಇನ್ನೊಂದು ಚಿಗುರುತ್ತಾ, ನೋಡನೋಡುತ್ತಿದ್ದಂತೆ ಫ್ಲಾಸ್ಕ್ ಪೂರ್ತಿ ಹೆಪ್ಪುಗಟ್ಟಿತು. ಸೋಸಿ ಒಣಗಿಸಿ ಕರಗುವ ಬಿಂದು ನೋಡಿದಾಗ 128 ಡಿಗ್ರಿಗೇ ಮೆತ್ತಗಾಗಲು ಶುರುವಾಗಿ 133ಕ್ಕೆ ಪೂರ್ತಿ ಕರಗಿತು. ಶುದ್ಧ ಆಸ್ಪಿರಿನ್ ಕರಗಬೇಕಾದದ್ದು ಸುಮಾರು 135 ಡಿಗ್ರಿಯ ಆಸುಪಾಸಿನಲ್ಲಿ, ಅದೂ ಒಂದೆರಡು ಡಿಗ್ರಿಯ ಅಂತರದಲ್ಲಿ. ಫೆರಿಕ್ ಕ್ಲೋರೈಡ್ ಹನಿ ಹಾಕಿದಾಗ ತೆಳುವಾದ ನೇರಳೆ ಬಣ್ಣ ಬಂತು, ಸಂದರ್ಶನದಲ್ಲಿ ಬಾಯಿಯಲ್ಲಿ ಹೇಳಿದ್ದ ಬಣ್ಣ. ಮತ್ತೆ ಕರಗಿಸಿ, ನಿಧಾನವಾಗಿ ತಣಿಸಿ, ಎರಡನೆಯ ಬಾರಿ ಸ್ಫಟಿಕ ಬರಿಸಿದ ಮೇಲೆ ಬಣ್ಣ ಬರಲಿಲ್ಲ. ಸ್ಫಟಿಕಗಳ ವಿಷಯವನ್ನು ಅಲ್ಪವೆಂದು ಭಾವಿಸಬಾರದು ಎಂಬುದಕ್ಕೆ ಆ ದಿನವೇ ಒಂದು ಘಟನೆಯನ್ನು ಕೇಳಿದೆ. ಎಚ್‌ಐವಿಗೆ ಬಳಸುತ್ತಿದ್ದ ರಿಟೊನಾವಿರ್ 1998ರಲ್ಲಿ ಇದ್ದಕ್ಕಿದ್ದಂತೆ ಕಡಿಮೆ ಕರಗುವ ಹೊಸ ಸ್ಫಟಿಕ ರೂಪಕ್ಕೆ ತಿರುಗತೊಡಗಿ, ಅದರ ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಣುವಿನಲ್ಲಿ ಒಂದು ಬಂಧವೂ ಬದಲಾಗಿರಲಿಲ್ಲ, ಅಣುಗಳು ಒಂದರ ಪಕ್ಕ ಒಂದು ಕೂಡುವ ಬಗೆ ಬದಲಾಗಿತ್ತು.

ಎರಡನೆಯ ವರ್ಷದಲ್ಲಿ ಐಸೋನಿಯಾಜಿಡ್‌ನ ಚರಿತ್ರೆಯನ್ನು ಓದಿದೆ. ಇಂದಿಗೂ ಅದು ನನ್ನನ್ನು ಬಿಟ್ಟಿಲ್ಲ. ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಐಸೋನಿಯಾಜಿಡ್ಡನ್ನು ಪ್ರಾಗ್ ನಗರದಲ್ಲಿ ಹನ್ಸ್ ಮೇಯರ್ ಮತ್ತು ಜೋಸೆಫ್ ಮ್ಯಾಲಿ ಮೊದಲ ಬಾರಿಗೆ ತಯಾರಿಸಿದ್ದು 1912ರಲ್ಲಿ. ರೋಗಾಣು ಗೊತ್ತಿತ್ತು, ಅದನ್ನು ಕೊಲ್ಲುವ ವಸ್ತುವೂ ಸೀಸೆಯಲ್ಲಿತ್ತು, ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಇರಲಿಲ್ಲ. ಅದರ ಗುಣ ಬೆಳಕಿಗೆ ಬಂದದ್ದು 1952ರ ಹೊತ್ತಿಗೆ. ಥಯೋಸೆಮಿಕಾರ್ಬಜೋನ್ ಎಂಬ ಬೇರೊಂದು ವರ್ಗದ ವಸ್ತುಗಳನ್ನು ಮಾಡಹೊರಟವರು ದಾರಿಯ ನಡುವೆ ಸಿಗುವ ಮಧ್ಯಂತರ ವಸ್ತುವನ್ನೂ ಪರೀಕ್ಷೆಗೆ ಕಳುಹಿಸಿದ್ದರು, ಗುರಿಯ ವಸ್ತುವಿಗಿಂತ ಅದೇ ಎಷ್ಟೋ ಪಾಲು ಪ್ರಬಲವಾಗಿತ್ತು. ಮೂರು ಔಷಧ ಕಂಪನಿಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನು ಕಂಡುಕೊಂಡವು. 1912ರಲ್ಲಿಯೇ ತಯಾರಾಗಿ ಪ್ರಕಟವಾಗಿದ್ದರಿಂದ ವಸ್ತುವಿನ ಮೇಲೆ ಯಾರಿಗೂ ಪೇಟೆಂಟ್ ಸಿಗಲಿಲ್ಲ. ಆ ನಡುವಿನ ನಲವತ್ತು ವರ್ಷಗಳಲ್ಲಿ ಕ್ಷಯದಿಂದ ಸತ್ತವರನ್ನು ನೆನೆದಾಗ ನನಗೆ ದುಃಖವಾಗುತ್ತದೆ, ಆದರೆ ಮೇಯರ್ ಮತ್ತು ಮ್ಯಾಲಿಯವರನ್ನು ದೂರಲು ಮನಸ್ಸು ಬರುವುದಿಲ್ಲ. ಅವರು ಕೇಳಿದ್ದು ರಸಾಯನಶಾಸ್ತ್ರದ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟರು. ಔಷಧವು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ ಎಂಬುದು ತಿಳಿಯಲು ಇನ್ನೂ ನಲವತ್ತು ವರ್ಷ ಹಿಡಿಯಿತು. ಬ್ಯಾಕ್ಟೀರಿಯಾದೊಳಗಿನ ಕ್ಯಾಟ್‌ಜಿ ಎಂಬ ಕಿಣ್ವವೇ ಐಸೋನಿಯಾಜಿಡ್ಡನ್ನು ಚುರುಕುಗೊಳಿಸುತ್ತದೆ ಎಂಬುದು ಗೊತ್ತಾದದ್ದು 1992ರಲ್ಲಿ. ಹಾಗೆ ಚುರುಕುಗೊಂಡ ತುಣುಕು ಎನ್‌ಎಡಿ ಎಂಬ ಸಹಕಿಣ್ವಕ್ಕೆ ಅಂಟಿಕೊಂಡು, ಜೀವಕೋಶದ ಮೇಣದಂಥ ಗೋಡೆಯನ್ನು ಕಟ್ಟಲು ಬೇಕಾದ ಇನ್‌ಎಚ್‌ಎ ಕಿಣ್ವವನ್ನು ತಡೆಯುತ್ತದೆ. ಬ್ಯಾಕ್ಟೀರಿಯಾ ತನ್ನ ವಿಷವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕ್ಯಾಟ್‌ಜಿಯಲ್ಲಿ ಒಂದು ಅಮೈನೊ ಆಮ್ಲ, ಬಹಳ ಸಲ 315ನೆಯ ಸ್ಥಾನದ ಸೆರೀನ್, ಬದಲಾದರೆ ಸಾಕು, ಔಷಧಕ್ಕೆ ಅದು ಬಗ್ಗುವುದಿಲ್ಲ.

ಕೊನೆಯ ವರ್ಷದ ಸಂಶೋಧನಾ ಯೋಜನೆಗೆ ನಾನು ಆರಿಸಿಕೊಂಡದ್ದು ಅರ್ಜಿಯಲ್ಲಿ ಬರೆದಿದ್ದ ಪ್ರಶ್ನೆಯನ್ನೇ. ಐಸೋನಿಯಾಜಿಡ್‌ನ ಹೈಡ್ರಜೀನ್ ತುದಿಯನ್ನು ಬೇರೆ ಬೇರೆ ಆಲ್ಡಿಹೈಡ್‌ಗಳಿಂದ ಮುಚ್ಚಿದರೆ ಸಿಗುವ ಹೈಡ್ರಜೋನ್‌ಗಳು ಪಿರಿಡಾಕ್ಸಲ್ಲನ್ನು ಹಿಡಿಯಲಾರವು, ಅಸಿಟೈಲ್ ಗುಂಪಿಗೂ ಅಲ್ಲಿ ಜಾಗವಿರುವುದಿಲ್ಲ. ಅವು ಕ್ಷಯದ ಬ್ಯಾಕ್ಟೀರಿಯಾವನ್ನು ತಡೆಯುತ್ತವೆಯೇ ಎಂದು ನೋಡಬೇಕಿತ್ತು. ಈ ದಾರಿಯಲ್ಲಿ ನನಗಿಂತ ಮುಂಚೆ ಅನೇಕರು ನಡೆದಿದ್ದಾರೆ ಎಂದು ಮಾರ್ಗದರ್ಶಕರು ಮೊದಲ ದಿನವೇ ಹೇಳಿದರು. ಐಸೋನಿಯಾಜಿಡ್‌ಗೆ ಚಿಕ್ಕದೊಂದು ಕವಲನ್ನು ಸೇರಿಸಿ 1950ರ ದಶಕದಲ್ಲಿ ಮಾಡಿದ ಇಪ್ರೋನಿಯಾಜಿಡ್ ಕ್ಷಯರೋಗಿಗಳ ಮನಸ್ಸನ್ನು ಉಲ್ಲಾಸಗೊಳಿಸುವುದು ಕಂಡು, ಅದು ಖಿನ್ನತೆಯ ಮೊದಲ ಔಷಧಗಳಲ್ಲಿ ಒಂದಾಗಿ, ಕೊನೆಗೆ ಯಕೃತ್ತಿಗೆ ಹಾನಿ ಮಾಡುತ್ತದೆಂದು ಬಳಕೆಯಿಂದ ಹೋಯಿತು. ಒಂದು ಕವಲು ಅಣುವನ್ನು ಶ್ವಾಸಕೋಶದಿಂದ ಮೆದುಳಿನ ಕಡೆಗೆ ಕೊಂಡೊಯ್ದಿತ್ತು.

ತಯಾರಿಕೆ ಕಷ್ಟವಾಗಲಿಲ್ಲ. ಎಥನಾಲ್‌ನಲ್ಲಿ ಐಸೋನಿಯಾಜಿಡ್ ಮತ್ತು ಆಲ್ಡಿಹೈಡ್, ಒಂದು ಹನಿ ಅಸಿಟಿಕ್ ಆಮ್ಲ, ಕೆಲವು ಗಂಟೆಗಳ ಕುದಿತ. ತೆಳುಪದರ ಕ್ರೊಮ್ಯಾಟೊಗ್ರಫಿಯ ಫಲಕವನ್ನು ಅತಿನೇರಳೆ ದೀಪದ ಕೆಳಗೆ ಹಿಡಿದಾಗ, ಹಸಿರು ಹೊಳಪಿನ ನಡುವೆ ಆಲ್ಡಿಹೈಡ್‌ನ ಕಪ್ಪು ಚುಕ್ಕೆ ಗಂಟೆಗಂಟೆಗೂ ಮಾಸುತ್ತಾ, ಅದರ ಕೆಳಗೆ ಹೊಸ ಚುಕ್ಕೆಯೊಂದು ಕಪ್ಪಾಗುತ್ತಿತ್ತು. ಒಂಬತ್ತು ತಿಂಗಳಲ್ಲಿ ಹದಿನಾಲ್ಕು ಹೈಡ್ರಜೋನ್‌ಗಳನ್ನು ಮಾಡಿದೆ. ಅಣುವಿನ ಪ್ರೋಟಾನ್‌ಗಳು ಎಲ್ಲೆಲ್ಲಿವೆ ಎಂದು ತೋರಿಸುವ ಎನ್‌ಎಂಆರ್ ರೋಹಿತದಲ್ಲಿ, ಪಿರಿಡೀನ್ ಎಂಬ ಆ ಆರು ಮೂಲೆಗಳ ಉಂಗುರದ ಪ್ರೋಟಾನ್‌ಗಳು 8.8 ಮತ್ತು 7.8ರ ಹತ್ತಿರ, ಹೊಸದಾಗಿ ಹುಟ್ಟಿದ ಬಂಧದ ಒಂಟಿ ಪ್ರೋಟಾನ್ 8.5ರ ಆಸುಪಾಸಿನಲ್ಲಿ, ನೈಟ್ರೋಜನ್ ಮೇಲಿನದು ದೂರದ 12ರಲ್ಲಿ. ಮೊದಲ ರೋಹಿತದಲ್ಲಿ ಆ ನಾಲ್ಕೂ ಗುರುತುಗಳು ಇರಬೇಕಾದ ಜಾಗದಲ್ಲಿ ನಿಂತಿದ್ದನ್ನು ಕಂಡಾಗ ಆದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಪರೀಕ್ಷೆ ನಮ್ಮ ಪ್ರಯೋಗಾಲಯದಲ್ಲಿ ಸಾಧ್ಯವಿರಲಿಲ್ಲ. ಕ್ಷಯದ ಜೀವಂತ ಬ್ಯಾಕ್ಟೀರಿಯಾವನ್ನು ಬೆಳೆಸಲು ಮೂರನೆಯ ಹಂತದ ಜೈವಿಕ ಸುರಕ್ಷತೆಯ ಕೊಠಡಿ ಬೇಕು, ಅಲ್ಲಿಗೆ ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ. ಹದಿನಾಲ್ಕು ಪುಟ್ಟ ಸೀಸೆಗಳನ್ನು ಕಟ್ಟಿ ಸಹಯೋಗಿ ತಂಡಕ್ಕೆ ಕಳುಹಿಸಿ ಕಾದೆವು. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ, ಕ್ಷಯದ್ದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಚಿಕಿತ್ಸೆ ಆರು ತಿಂಗಳು ಎಳೆಯುವುದಕ್ಕೆ ಈ ನಿಧಾನವೂ ಒಂದು ಕಾರಣ. ಐದು ವಾರಗಳ ನಂತರ ಫಲಿತಾಂಶ ಬಂತು. ಹದಿನಾಲ್ಕರಲ್ಲಿ ಒಂಬತ್ತು, ಐಸೋನಿಯಾಜಿಡ್‌ನಷ್ಟೇ ಚೆನ್ನಾಗಿ ಬ್ಯಾಕ್ಟೀರಿಯಾವನ್ನು ತಡೆದಿದ್ದವು. ನಾನು ಓಡಿಹೋಗಿ ಮಾರ್ಗದರ್ಶಕರಿಗೆ ಪಟ್ಟಿಯನ್ನು ತೋರಿಸಿದೆ. ಅವರು ಸಂಖ್ಯೆಗಳನ್ನು ಎರಡು ಸಲ ಓದಿ, ‘ಬಹಳ ಚೆನ್ನಾಗಿದೆ. ಆದರೆ ಕೊಂದದ್ದು ಯಾರು?’ ಎಂದು ಕೇಳಿದರು.

ಆ ಪ್ರಶ್ನೆಯ ಅರ್ಥ ನಿಧಾನವಾಗಿ ಹೊಳೆಯಿತು. ಒಂಬತ್ತು ಅಣುಗಳ ಆಕಾರ, ಗಾತ್ರ, ಕೊಬ್ಬಿನಲ್ಲಿ ಕರಗುವ ಗುಣ ಎಲ್ಲವೂ ಬೇರೆ ಬೇರೆ. ಇಷ್ಟು ಭಿನ್ನವಾದವುಗಳು ಒಂದೇ ಬಲದಿಂದ ಕೆಲಸ ಮಾಡುವುದು ಅನುಮಾನಕ್ಕೆ ಎಡೆ ಕೊಡುತ್ತದೆ. ಪಟ್ಟಿಯ ಕೊನೆಯ ಕಾಲಮ್ಮನ್ನು ನಾನು ಸಂಭ್ರಮದಲ್ಲಿ ಸರಿಯಾಗಿ ನೋಡಿರಲಿಲ್ಲ. ಕ್ಯಾಟ್‌ಜಿ ಬದಲಾಗಿ ಐಸೋನಿಯಾಜಿಡ್‌ಗೆ ಬಗ್ಗದ ತಳಿಯ ಮೇಲೆ ಹದಿನಾಲ್ಕರಲ್ಲಿ ಒಂದೂ ಕೆಲಸ ಮಾಡಿರಲಿಲ್ಲ. ಹೈಡ್ರಜೋನ್ ಆಗುವಾಗ ನೀರು ಹೊರಬೀಳುತ್ತದೆ ಎಂದು ನಾನು ಶಾಲೆಯಲ್ಲಿಯೇ ಕಲಿತಿದ್ದೆ. ಹೊರಬಿದ್ದ ನೀರು ಮತ್ತೆ ಒಳಗೆ ಬಂದರೆ ಹೈಡ್ರಜೋನ್ ಒಡೆದು ಮೂಲ ವಸ್ತುಗಳೇ ಸಿಗುತ್ತವೆ ಎಂಬುದು ಆ ಸಮೀಕರಣದ ಬಲದಿಂದ ಎಡಕ್ಕೆ ಓದಬೇಕಾದ ಅರ್ಧ, ಅದನ್ನು ಓದಿರಲಿಲ್ಲ. ಬೆಳವಣಿಗೆಯ ಮಾಧ್ಯಮದ ನೀರಿನಲ್ಲಿ, 37 ಡಿಗ್ರಿಯಲ್ಲಿ, ವಾರಗಟ್ಟಲೆ ಇದ್ದ ಅಣುಗಳು ಹಾಗೆಯೇ ಉಳಿದಿದ್ದವೇ?

ಉಳಿದ ಆರು ವಾರಗಳನ್ನು ಆ ಒಂದು ಪ್ರಶ್ನೆಗೆ ಕೊಟ್ಟೆ. ಪ್ರತಿಯೊಂದು ಹೈಡ್ರಜೋನನ್ನೂ ಮೂರು ಪಿಎಚ್‌ಗಳ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಇಟ್ಟು, ನಿಗದಿತ ಹೊತ್ತಿಗೆ ಒಂದಿಷ್ಟನ್ನು ತೆಗೆದು, ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಶಿಖರಗಳಾಗಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುತ್ತಿದ್ದೆ. ಆಮ್ಲೀಯ ದ್ರಾವಣದಲ್ಲಿ ಮೊದಲ ರಾತ್ರಿಯೇ ಹೈಡ್ರಜೋನ್‌ನ ಶಿಖರ ತಗ್ಗಿ, ಎರಡು ಹೊಸ ಶಿಖರಗಳು ಎದ್ದವು. ಒಂದು ಆಲ್ಡಿಹೈಡ್‌ನದು. ಇನ್ನೊಂದು, ಶುದ್ಧ ಐಸೋನಿಯಾಜಿಡ್ಡನ್ನು ಹಾಕಿ ಹೋಲಿಸಿದಾಗ, ನಿಮಿಷದ ಭಾಗವೂ ತಪ್ಪದೆ ಅದೇ. ಬಹುತೇಕ ತಟಸ್ಥವಾದ ದ್ರಾವಣದಲ್ಲಿ ಒಡೆಯುವುದು ನಿಧಾನವಾಗಿತ್ತು, ಆದರೂ ವಾರಗಳ ಲೆಕ್ಕದಲ್ಲಿ ಸಾಕಷ್ಟಾಗುತ್ತಿತ್ತು. ಬೇಗ ಒಡೆದ ಒಂಬತ್ತು ಮತ್ತು ಬ್ಯಾಕ್ಟೀರಿಯಾವನ್ನು ತಡೆದ ಒಂಬತ್ತು, ಒಂದನ್ನು ಬಿಟ್ಟರೆ, ಅವೇ ಆಗಿದ್ದವು. ನನ್ನ ಹೊಸ ಅಣುಗಳು ಐಸೋನಿಯಾಜಿಡ್ಡನ್ನು ಹೊತ್ತು ತಂದು ಇಳಿಸಿದ್ದವು, ಕೊಂದದ್ದು ಅದು.

ಆ ರಾತ್ರಿ ನನಗೆ ನಿರಾಸೆಯಾಯಿತೇ ಎಂದು ಅಣ್ಣ ಕೇಳಿದ್ದಾನೆ. ಆಯಿತು, ಆದರೆ ಅದು ಬೆಳಗಾಗುವವರೆಗೆ ಉಳಿಯಲಿಲ್ಲ. ಹದಿನಾಲ್ಕು ವಸ್ತುಗಳನ್ನು ಮಾಡಿದ ಒಂಬತ್ತು ತಿಂಗಳುಗಳಿಗಿಂತ ಅವು ಏಕೆ ಔಷಧವಲ್ಲ ಎಂದು ತಿಳಿದ ಆರು ವಾರಗಳೇ ನನ್ನನ್ನು ಈ ಕೆಲಸಕ್ಕೆ ಹೆಚ್ಚು ಗಟ್ಟಿಯಾಗಿ ಕಟ್ಟಿಹಾಕಿದವು. ಮೊದಲ ಸಂದರ್ಶನದಲ್ಲಿ ನಿರುತ್ತರಳಾಗಿದ್ದ ಪ್ರಶ್ನೆಗೆ ಈಗ ಒಂದು ಉತ್ತರವಿದೆ, ಅದು ಉದ್ದವಾದದ್ದು. ಅಣು ನೀರಿನಲ್ಲಿ ಉಳಿಯಬೇಕು, ಕರಗಬೇಕು, ಪೊರೆಯನ್ನು ದಾಟಬೇಕು, ಯಕೃತ್ತಿನಿಂದ ತಪ್ಪಿಸಿಕೊಳ್ಳಬೇಕು, ಹೃದಯವನ್ನು ಕೆಣಕಬಾರದು, ಪ್ರಾಣಿಗಳಲ್ಲಿ ಸುರಕ್ಷಿತ ಎನಿಸಬೇಕು, ಅನಂತರ ಆರೋಗ್ಯವಂತರಲ್ಲಿ, ಕೆಲವು ರೋಗಿಗಳಲ್ಲಿ, ಕೊನೆಗೆ ಸಾವಿರಾರು ರೋಗಿಗಳಲ್ಲಿ. ಇದೆಲ್ಲಕ್ಕೂ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಹಿಡಿಯುತ್ತದೆ, ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ತಲುಪಿದ ಹತ್ತರಲ್ಲಿ ಸುಮಾರು ಒಂದು ಮಾತ್ರ ಔಷಧವಾಗುತ್ತದೆ. ಕ್ಷಯದ ವಿಷಯದಲ್ಲಿಯಂತೂ, ಹೊಸ ಬಗೆಯಲ್ಲಿ ಕೆಲಸ ಮಾಡುವ ಬೆಡಾಕ್ವಿಲಿನ್‌ಗೆ 2012ರಲ್ಲಿ ಅನುಮತಿ ಸಿಗುವ ವೇಳೆಗೆ, ಅಂಥದೊಂದು ಔಷಧ ಬಂದು ಸುಮಾರು ನಲವತ್ತು ವರ್ಷಗಳಾಗಿದ್ದವು.

ಈಗ ನಾನು ಸಂಶೋಧನಾ ವಿದ್ಯಾರ್ಥಿನಿ. ಕ್ಯಾಟ್‌ಜಿಯ ಸಹಾಯವನ್ನು ಬೇಡದೆ ನೇರವಾಗಿ ಇನ್‌ಎಚ್‌ಎ ಕಿಣ್ವದ ಒಳಗೆ ಹೋಗಿ ಕೂರುವ ಅಣುಗಳ ಮೇಲೆ ನಮ್ಮ ಗುಂಪು ಕೆಲಸ ಮಾಡುತ್ತಿದೆ. ಕಿಣ್ವದ ಸ್ಫಟಿಕ ರಚನೆ ಪರದೆಯ ಮೇಲಿರುತ್ತದೆ, ಅದರ ಗುಳಿಯೊಳಗೆ ಎಲ್ಲಿ ಎಷ್ಟು ಜಾಗವಿದೆ ಎಂದು ನೋಡಿ ಮರುದಿನ ಫ್ಲಾಸ್ಕಿನ ಮುಂದೆ ನಿಲ್ಲುತ್ತೇನೆ. ಹೊಸ ವಸ್ತು ಯಾವುದೇ ಇರಲಿ, ಪರೀಕ್ಷೆಗೆ ಕಳುಹಿಸುವ ಮುಂಚೆ ಅದನ್ನು 37 ಡಿಗ್ರಿಯ ನೀರಿನಲ್ಲಿ ಒಂದು ವಾರ ಇಡುತ್ತೇನೆ. ಇಂದು ಬೆಳಿಗ್ಗೆ ತೆಗೆದ ಇಪ್ಪತ್ತಮೂರನೆಯ ಸಂಖ್ಯೆಯ ಅಣುವಿನ ಏಳನೆಯ ದಿನದ ರೋಹಿತ, ಮೊದಲ ದಿನದ ರೋಹಿತದ ಮೇಲೆ ಇಟ್ಟಾಗ ಗೆರೆಗೆ ಗೆರೆ ಕೂಡಿತು. ಸೀಸೆಯ ಮೇಲೆ ದಿನಾಂಕ ಬರೆದು, ನಾಳೆ ಹೊರಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.